ಮೊದಲು ವಿಷಯ, ಆಮೇಲೆ ಕ್ಷೇಮ

ನಮ್ಮ ಹಳಿಯಾಳದ ಕಡೆ ಯಾರೂ ಬಂದ ಕೆಲಸವನ್ನು ಬಂದ ಕೂಡಲೇ ಹೇಳುವುದಿಲ್ಲ. ಹೇಳಿದವನಿಗೆ ರೀತಿ ರಿವಾಜು ಗೊತ್ತಿಲ್ಲವೆಂದೇ ಲೆಕ್ಕ. ಮೊದಲು ಬೆಲ್ಲ ನೀರು, ಆಮೇಲೆ ಮಳೆ ಬೆಳೆ, ದನಕರು, ಬೀಗರು. ಎದ್ದು ಚಪ್ಪಲಿ ಮೆಟ್ಟುವಾಗ "ಅಂದಂಗ..." ಎಂದು ಬರುತ್ತದಲ್ಲ, ಅದೇ ನಿಜವಾದ ಮಾತು. ಹೋದ ಸುಗ್ಗಿಯಲ್ಲಿ ನೆರೆಮನೆಯ ಬಸಪ್ಪ ಬಂದ. ಚಹಾ ಕುಡಿದ, ನನ್ನ ಮೊಣಕಾಲು ನೋವು ವಿಚಾರಿಸಿದ, ಹೊಸಿಲು ದಾಟುತ್ತ, "ಅಂದಂಗ ಕಾಕಾ, ನಿಮ್ಮ ಗದ್ದ್ಯಾಗ ಯಾರದೋ ಹೋರಿ ಹೊಕ್ಕೈತಿ ನೋಡ್ರಿ" ಎಂದ. ಅಷ್ಟರಲ್ಲಿ ಹೋರಿಯ ಊಟ ಮುಗಿದಿತ್ತು. ನಾನು ಬಸಪ್ಪನನ್ನು ಬೈಯಲಿಲ್ಲ. ಅವನ ರೀತಿಯಲ್ಲಿ ತಪ್ಪೇನಿತ್ತು?

ಇಂಥ ನಮಗೆ ಮಾತಾಡುವುದನ್ನು ಕಲಿಸುವ ಕೆಲಸ ಧಾರವಾಡದಿಂದ ಬಂದ ಒಬ್ಬ ಎಳೆಯ ಮಾಸ್ತರರ ಪಾಲಿಗೆ ಬಂತು. ಅವರದು ದೊಡ್ಡವರ ಶಾಲೆ. ಮೀಸೆ ನರೆತವರೇ ವಿದ್ಯಾರ್ಥಿಗಳು. ಯುದ್ಧದಿಂದ ಸೀಮೆಎಣ್ಣೆ ತುಟ್ಟಿಯಾಗಿದ್ದರಿಂದ ಹೊತ್ತು ಮುಳುಗುವ ಮುಂಚೆಯೇ ಪಾಠ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ಅಲ್ಲಿ ವಿದ್ವಾಂಸರ ಸಾಲಿನಲ್ಲಿ ಕೂಡುತ್ತಿದ್ದೆ.

ಅಕ್ಷರ ಕಲಿಸಲು ಬಂದವರು ಭಾಷಣಕ್ಕೆ ಇಳಿದದ್ದು ಊರಿನ ಗರಜಿಗೆ, ನೀರಿನ ಅಡಚಣೆಗೆ. ದನಗಳು ಹಳ್ಳಕ್ಕೆ ಹೋಗುವ ದಾರಿಯಲ್ಲಿ ಸಾಗವಾನಿ ಸಸಿ ಹಚ್ಚಿ, ಜಂಗಲ್ ಖಾತೆಯವರು ಗೇಟು ಹಾಕಿದ್ದರು. ಊರ ಬಾವಿಯಲ್ಲಿ ತಳ ಕಾಣುತ್ತಿತ್ತು, ಆಕಳುಗಳ ಹಾಲು ಬತ್ತುತ್ತಿತ್ತು. ಕುಳಗಿಯ ಕ್ಯಾಂಪಿನಿಂದ ಜಂಗಲ್ ಸಾಹೇಬರು ಮತ್ತೊಮ್ಮೆ ಬರುವವರಿದ್ದರು. ಹೋದ ಸಲ ನಾವು ಅವರ ಕುದುರೆಯ ಕ್ಷೇಮ ಕೇಳಿ ಮುಗಿಸುವಷ್ಟರಲ್ಲಿ ಅವರು ಆ ಕುದುರೆಯನ್ನೇ ಹತ್ತಿ ಹೋಗಿದ್ದರು.

"ಮೊದಲ ವಿಷಯ. ಆಮ್ಯಾಲ ಕಾರಣ. ಕಡೀಕ ಏನ ಬೇಕು ಅನ್ನೂದು. ಅಷ್ಟ ಹೇಳಿ ಕೂತ ಬಿಡ್ರಿ," ಎಂದರು ಮಾಸ್ತರರು. ಚಕ್ಕಡಿ ಗಾಲಿ ಮಾಡುವ ಹುಸೇನಸಾಬರು ಎದ್ದು, ಗೇಟಿನ ಬಗ್ಗೆ ಹೇಳಲು ತಮ್ಮ ಅಜ್ಜನಿಂದ ಶುರು ಮಾಡಿದರು.

"ಹುಸೇನಸಾಬರ, ವಿಷಯಕ್ಕ ಬರ್ರಿ."

"ಬರ್ತೇನ್ರಿ ಮಾಸ್ತರ, ಹಾದ್ಯಾಗ ಅದೇನಿ. ಅಜ್ಜ ಇನ್ನೂ ಮುಂಡಗೋಡ ಬಿಟ್ಟಿಲ್ಲ."

ಕಡೆಗೆ ಸಾಹೇಬರ ಮುಂದೆ ಮಾತಾಡುವ ಪಾಳಿ ನನ್ನ ಮೇಲೆ ಬಂತು. ನನ್ನ ಮಾತು ಚೆಂದ ಎಂದಲ್ಲ. ಹಲ್ಲು ಕಡಿಮೆ, ಬೇಗ ದಣಿಯುತ್ತೇನೆ ಎಂದು.

ಸಾಹೇಬರು ಬರುವ ದಿನ ಬೆಳಿಗ್ಗೆಯೇ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನನ್ನ ಮಗಳು ಗಂಗವ್ವ ಹೆಣ್ಣುಕೂಸು ಹಡೆದಳು. ಆ ಕೂಸನ್ನು ನೀವು ನೋಡಬೇಕು! ಮುಷ್ಟಿ ಬಾರಿಹಣ್ಣಿನಷ್ಟು, ಸಿಟ್ಟು ಫೌಜುದಾರರಷ್ಟು. ಅವಳನ್ನು ಬಿಟ್ಟು ಚಾವಡಿಗೆ ಹೋಗಲು ಕಾಲೇಳಲಿಲ್ಲ. ಹೋದ ಮೇಲೆ ಬಾಯಿ ನಿಲ್ಲಲಿಲ್ಲ.

"ಸಾಹೇಬರ, ನಮ್ಮ ಗಂಗವ್ವ ಹಡದಾಳ್ರಿ!"

ಮಾಸ್ತರರು ಕಣ್ಣು ಮುಚ್ಚಿಕೊಂಡರು. ಇಡೀ ಊರು ನನ್ನನ್ನು ನುಂಗುವಂತೆ ನೋಡಿತು. ಸಾಹೇಬರು, "ಇದ ಏನು ನಿಮ್ಮ ವಿಷಯ?" ಎಂದರು.

"ಇದ ರೀ. ಹೆಣ್ಣು ಕೂಸು. ಬಾಣಂತಿಗೆ ಹಾಲು ಬೇಕ್ರಿ. ಹಾಲು ಬೇಕಂದ್ರ ಆಕಳ ನೀರು ಕುಡೀಬೇಕು. ನೀರು ನಿಮ್ಮ ಗೇಟಿನ ಆಚೀಕಡೆ ಐತ್ರಿ."

ಮುಂದೆ ಏನು ಹೇಳಬೇಕೆಂದು ತೋಚದೆ ಕುಳಿತುಬಿಟ್ಟೆ. ಸಾಹೇಬರು ಪಕ್ಕದಲ್ಲಿದ್ದ ಜಂಗಲ್ ಗಾರ್ಡಿನತ್ತ ತಿರುಗಿ ಹೇಳಿದರು: "ಮುಂಜಾನೆ, ಸಂಜೀಕ ಗೇಟ ತಗೀರಿ. ದನ ಸಸಿ ಮುಟ್ಟಿದ್ರ ಮತ್ತ ಹಾಕಸ್ತೇನಿ."

"ಎಂಥಾ ಜೋಡಣಿ ಕಾಕಾ! ಒಂದ ಮಾತ ಇನ್ನೊಂದರ ಕೈ ಹಿಡದ ಬಂತು," ಎಂದು ಮಾಸ್ತರರು ನನ್ನ ಕೈ ಹಿಡಿದರು. ನಾನು ಎಲ್ಲ ಮೊದಲೇ ಯೋಚಿಸಿದ್ದವನಂತೆ ತಲೆಯಾಡಿಸಿದೆ. ಈಗ ಶಾಲೆಯಲ್ಲಿ ನನ್ನ ಭಾಷಣವೇ ಮಾದರಿ. ಮೊನ್ನೆ ಬಸಪ್ಪ ಸಂತೆಯ ರಸ್ತೆ ರಿಪೇರಿಯ ಬಗ್ಗೆ ಎದ್ದು ನಿಂತು, "ನಮ್ಮ ಎಮ್ಮಿ ಈದೈತ್ರಿ" ಎಂದು ಶುರು ಮಾಡಿದ. ಎಮ್ಮೆಯಿಂದ ರಸ್ತೆಗೆ ಬರುವ ದಾರಿ ಅವನಿಗೆ ಇನ್ನೂ ಸಿಕ್ಕಿಲ್ಲ.

ಮಾಸ್ತರರ ಪಾಠವನ್ನು ಪೂರ್ತಿ ಬಲ್ಲವರು ನಮ್ಮೂರಲ್ಲಿ ಒಬ್ಬರೇ. ಅವರು ನಮ್ಮ ತೊಟ್ಟಿಲಲ್ಲಿ ಇದ್ದಾರೆ. ಹಸಿದರೆ ಹಸಿವೇ ಮೊದಲ ಮಾತು. ಅಜ್ಜನ ಮೊಣಕಾಲು ವಿಚಾರಿಸುವುದಿಲ್ಲ. ಬೇಕಾದದ್ದು ಸಿಕ್ಕಿತೋ, ಅಲ್ಲಿಗೆ ಮುಗಿಯಿತು, ನಿದ್ದೆ. ಇನ್ನೊಂದೆರಡು ವರ್ಷ ಹೀಗೇ ನಡೆಯುತ್ತದೆ. ಆಮೇಲೆ ನಾವೆಲ್ಲ ಸೇರಿ ಅವಳಿಗೆ ಮಾತು ಕಲಿಸುತ್ತೇವೆ; ಮಾಸ್ತರರಿಗೆ ಮತ್ತೆ ಕೆಲಸ.