ಜೋಯ್ಲಿನ್‌ಳ ಎಡಗೈ

ಕತಾರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ ಮುಗಿದ ಮರುವರ್ಷ ನಾನು ದೋಹಾದ ಒಂದು ಕಾಲೇಜಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ ಸಹಾಯಕ ಕೋಚ್ ಆಗಿ ಸೇರಿದೆ. ಅದಕ್ಕೆ ಮುಂಚೆ ಬಹಳ ವರ್ಷ ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದೆ. ಶಾಲೆಯಲ್ಲಿ ಖೋಖೋದಿಂದ ಹಿಡಿದು ವಾರ್ಷಿಕೋತ್ಸವದ ಡ್ರಿಲ್‌ವರೆಗೆ ಎಲ್ಲವೂ ನನ್ನ ತಲೆಯ ಮೇಲೆ. ಕಾಲೇಜಿನಲ್ಲಿ ಕೆಲಸ ಒಂದೇ, ಹುಡುಗಿಯರು ಚೆಂಡನ್ನು ಬುಟ್ಟಿಗೆ ಎಸೆಯುವ ರೀತಿಯನ್ನು ತಿದ್ದುವುದು. ಶೂಟಿಂಗ್ ಕೋಚ್ ಎನ್ನುತ್ತಾರೆ. ಮೊಣಕೈ ಎಲ್ಲಿರಬೇಕು, ಮಣಿಕಟ್ಟು ಎಷ್ಟು ಬಾಗಬೇಕು, ನೆಗೆದವರು ಹೇಗೆ ನೆಲಕ್ಕೆ ಇಳಿಯಬೇಕು, ಇಷ್ಟೇ ನನ್ನ ಪ್ರಪಂಚವಾಗಿತ್ತು.

ಕಾಲೇಜು ತಂಡದ ಹೆಚ್ಚಿನ ಜಾಗಗಳು ತರಗತಿ ಶುರುವಾಗುವ ಮೊದಲೇ ತುಂಬಿರುತ್ತವೆ. ಯಾರೂ ಕರೆಯದೆ, ಸ್ಕಾಲರ್‌ಶಿಪ್ಪಿನ ಭರವಸೆಯಿಲ್ಲದೆ, ತಾವಾಗಿಯೇ ಬಂದು 'ನನ್ನನ್ನೂ ನೋಡಿ' ಎನ್ನುವವರಿಗಾಗಿ ಒಂದೋ ಎರಡೋ ಜಾಗ ಉಳಿಸಿರುತ್ತಾರೆ. ಹಾಗೆ ಸೇರಿದವರನ್ನು ವಾಕ್-ಆನ್ ಎಂದು ಕರೆಯುವುದು ರೂಢಿ. ಅವರಿಗೆ ಒಂದು ವಾರ ಆಡಿಸಿ ನೋಡುವ ಟ್ರೈಔಟ್ ಇರುತ್ತದೆ. ಹೊರಗೆ ಸೆಪ್ಟೆಂಬರಿನ ಸುಡುಬಿಸಿಲು, ಒಳಗೆ ಎಸಿ ಹಾಕಿದ ಜಿಮ್. ಆ ವರ್ಷ ಬಂದವರಲ್ಲಿ ಉದ್ದ ಕೈಕಾಲಿನ, ತೆಳ್ಳಗಿನ ಒಬ್ಬ ಹುಡುಗಿಯಿದ್ದಳು.

ಅವಳ ಮುಖವನ್ನು ನಾನು ಮೊದಲು ನೋಡಲಿಲ್ಲ, ನೋಡಿದ್ದು ಬೆನ್ನನ್ನು. ಅವಳು ಚೆಂಡು ಹಿಡಿದು, ಎರಡು ಸಲ ಪುಟಿಸಿ, ತಲೆಯನ್ನು ತುಸು ಬಲಕ್ಕೆ ವಾಲಿಸಿ, ಎಡಗೈಯಿಂದ ಎಸೆದಳು. ಇಳಿಯುವಾಗ ಎಡಗಾಲಿನ ಮೇಲಷ್ಟೇ ಇಳಿದಳು. ಚೆಂಡು ರಿಂಗಿಗೆ ತಾಗಿ ಹೊರಗೆ ಬಿತ್ತು. ಆ ಶಾಟ್ ನನಗೆ ಗೊತ್ತಿತ್ತು. ಅದು ಲಾಯ್ಡ್‌ನ ಶಾಟ್. ಲಾಯ್ಡ್ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು.

ಲಾಯ್ಡ್ ನಮ್ಮ ಶಾಲೆಯ ಹುಡುಗ. ಆರನೇ ತರಗತಿಯಲ್ಲಿ ಅವನ ಕೈಗೆ ಮೊದಲು ಚೆಂಡು ಕೊಟ್ಟವಳು ನಾನೇ. ಹುಟ್ಟು ಎಡಚ. ಹತ್ತನೆಯಲ್ಲಿ ಬಲ ಮೊಣಕಾಲಿಗೆ ಏಟಾಯಿತು. ಗುಣವಾದ ಮೇಲೂ ಆ ಕಾಲನ್ನು ನಂಬದೆ ಎಡಗಾಲಿನ ಮೇಲೆಯೇ ಇಳಿಯುತ್ತಿದ್ದ. ಹನ್ನೆರಡನೇ ತರಗತಿ ಮುಗಿಸಿ, ಕಾಲೇಜು ತಂಡಕ್ಕೆ ವಾಕ್-ಆನ್ ಆಗಿ ಪ್ರಯತ್ನಿಸುತ್ತೇನೆ ಎಂದು ಹೇಳಿ ಹೋಗಿದ್ದ. ಆ ಬೇಸಿಗೆಯಲ್ಲಿ ಗೆಳೆಯರೊಂದಿಗೆ ಅಲ್ ಖೋರ್‌ನಿಂದ ಬರುವಾಗ ಕಾರು ಮಗುಚಿತು. ಉಳಿದವರು ಬದುಕಿದರು.

ಹುಡುಗಿ ತಿರುಗಿದಾಗ ಗುರುತು ಸಿಕ್ಕಿತು. ಅವನ ತಂಗಿ ಜೋಯ್ಲಿನ್. ಚಿಕ್ಕವಳಿದ್ದಾಗ ನಮ್ಮ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅಣ್ಣನ ಆಟ ಮುಗಿಯುವವರೆಗೆ ಚಿತ್ರ ಬರೆಯುತ್ತಿದ್ದವಳು. ಬರೆಯುತ್ತಿದ್ದದ್ದು ಬಲಗೈಯಲ್ಲಿ.

ಮುಖ್ಯ ಕೋಚ್ ಲೆಬನಾನಿನ ರಾನಿಯಾ. ಮಾತು ಕಡಿಮೆ, ತೀರ್ಮಾನ ಬೇಗ. ಮೂರನೇ ದಿನ ಅವರು ನನ್ನನ್ನು ಬದಿಗೆ ಕರೆದು, "ನಿಮ್ಮ ಊರಿನ ಹುಡುಗಿ ಕಷ್ಟಪಡುತ್ತಾಳೆ. ಆದರೆ ಹತ್ತು ಎಸೆದರೆ ಎರಡು ಬೀಳುತ್ತದೆ. ಖಲಾಸ್," ಎಂದರು. ವಾರ ಮುಗಿಯಲಿ ಎಂದು ನಾನು ಕೇಳಿಕೊಂಡೆ.

ಅಂದು ಅಭ್ಯಾಸ ಮುಗಿದ ಮೇಲೆ ಜೋಯ್ಲಿನ್ ಕುಂಟುತ್ತಿದ್ದಳು. ಶೂ ಬಿಚ್ಚಿಸಿ ನೋಡಿದೆ. ಎಡ ಹಿಮ್ಮಡಿಯ ಮೇಲೆ ಊತ. ಎರಡು ಕಾಲಿನ ಭಾರವನ್ನು ಒಂದೇ ಕಾಲು ಹೊತ್ತರೆ ಹಾಗಾಗುತ್ತದೆ.

"ಬಲ ಮೊಣಕಾಲಿಗೆ ಎಂತಾದ್ರೂ ಆಗಿತ್ತಾ?" ಎಂದು ಕೇಳಿದೆ.

"ನನಗಾ? ಇಲ್ಲ ಮಿಸ್. ನೆವರ್."

"ಮತ್ತೆ ಯಾಕೆ ಹಾಗೆ ಇಳಿಯುದು?"

ಅವಳು ಶೂವಿನ ಲೇಸನ್ನು ಬೆರಳಿಗೆ ಸುತ್ತಿಕೊಂಡಳು. "ವಿಡಿಯೋದಲ್ಲಿ ಹಾಗೇ ಉಂಟಲ್ಲ," ಎಂದಳು.

ಅಪ್ಪ ತಮ್ಮ ಫೋನಿನಲ್ಲಿ ತೆಗೆದ ಲಾಯ್ಡ್‌ನ ವಿಡಿಯೋಗಳು. ಅವನು ಹೋದ ಮೇಲೆ ಅವುಗಳನ್ನು ನೋಡಿ ನೋಡಿ ಅವಳು ಒಂದೊಂದೇ ಚಲನೆಯನ್ನು ಕಲಿತಿದ್ದಳು. ಎಡಗೈ, ತಲೆ ವಾಲಿಸುವುದು, ಅವನ ಮೊಣಕಾಲಿನ ನೋವು ಸಹ. ಇಲ್ಲದ ಗಾಯಕ್ಕೆ ಅವಳ ಗಟ್ಟಿ ಕಾಲು ಹೆದರುತ್ತಿತ್ತು. ಇಷ್ಟು ವರ್ಷದ ವೃತ್ತಿಯಲ್ಲಿ ನಾನು ಅಂಥದ್ದನ್ನು ನೋಡಿರಲಿಲ್ಲ. ಮನೆಗೆ ಹೋಗುವಾಗ ಕಾರಿನಲ್ಲಿ ಕನ್ನಡಿ ನೋಡಲು ನನಗೆ ಯಾಕೋ ಭಯವಾಯಿತು. ಹಿಂದಿನ ಸೀಟಿನಲ್ಲಿ ಯಾರೋ ಕೂತಂತೆ ಅನಿಸುತ್ತಿತ್ತು.

ಮರುದಿನ ಶುಕ್ರವಾರ, ರಜೆ. ಬಿನ್ ಮಹಮೂದಿನಲ್ಲಿರುವ ಅವರ ಫ್ಲಾಟಿಗೆ ಹೋದೆ. ಅಪ್ಪ ಮಾರ್ಕೆಟ್ಟಿಗೆ ಹೋಗಿದ್ದರು. ಅಮ್ಮ ಲಿಲ್ಲಿ ಬಾಯಿ ಬಾಗಿಲು ತೆಗೆದರು. ಮೊದಲು ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದವರು, ಮಗ ಹೋದ ಮೇಲೆ ಕೆಲಸ ಬಿಟ್ಟಿದ್ದರು. ಚಹಾ ಕೊಟ್ಟು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಕಿಟಕಿಯ ಕೆಳಗೆ ಕಟ್ಟಡದ ಹಿತ್ತಿಲು. ಲಾಯ್ಡ್‌ಗೆಂದು ಅಪ್ಪ ಗೋಡೆಗೆ ಹೊಡೆಸಿದ್ದ ರಿಂಗ್ ಅಲ್ಲೇ ಇತ್ತು. ಜೋಯ್ಲಿನ್ ಅಲ್ಲಿ ಆಡುತ್ತಿದ್ದಳು.

ಅವಳ ಕಾಲಿನ ವಿಷಯ ಹೇಳಿದೆ. ಶಾಟ್ ಬದಲಾಗದಿದ್ದರೆ ತಂಡದಲ್ಲಿ ಜಾಗ ಸಿಗುವುದಿಲ್ಲ, ಕಾಲೂ ಉಳಿಯುವುದಿಲ್ಲ ಎಂದೆ. ಲಿಲ್ಲಿ ಬಾಯಿ ನನ್ನ ಕಡೆ ತಿರುಗಲಿಲ್ಲ.

"ಅವನು ಹೋದ ಮೇಲೆ ನಾನು ಹಾಸಿಗೆಯಿಂದ ಎದ್ದದ್ದೇ ಇಲ್ಲ ಟೀಚರ್. ಒಂದು ದಿನ ಕೆಳಗೆ ಬಾಲಿನ ಶಬ್ದ ಕೇಳಿತು. ಎದ್ದು ಬಂದು ನೋಡಿದೆ. ಇಲ್ಲಿಂದ ಮುಖ ಕಾಣುದಿಲ್ಲ, ನೋಡಿ. ಇಲ್ಲಿಂದ ಅವನೇ."

ನಾನೂ ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು.

"ನೀವು ಬೇರೆ ಎಂತ ಬೇಕಾದ್ರೂ ಕಲಿಸಿ," ಎಂದರು. "ಅದೊಂದು ತೆಗಿಬೇಡಿ."

ಕೆಳಗೆ ಬಂದಾಗ ಜೋಯ್ಲಿನ್ ಚೆಂಡನ್ನು ಎದೆಗೊತ್ತಿ ನಿಂತಿದ್ದಳು. ನಾವು ಏನು ಮಾತಾಡಿದೆವು ಎಂದು ಅವಳಿಗೆ ಹೇಳುವ ಅಗತ್ಯವಿರಲಿಲ್ಲ.

"ಒಂದ್ಸಲ ರೈಟ್‌ನಲ್ಲಿ ಟ್ರೈ ಮಾಡಿದ್ದೆ ಮಿಸ್. ಮಮ್ಮಿ ವಿಂಡೋದಿಂದ ಒಳಗೆ ಹೋದ್ರು. ಎರಡು ದಿನ ಊಟ ಮಾಡ್ಲಿಲ್ಲ."

"ನಿನಗೆ ತಂಡದಲ್ಲಿ ಆಡಬೇಕಾ?"

"ಆಡಬೇಕು."

"ನಿನಗಾ, ಅವನಿಗಾ?"

ಅವಳು ಚೆಂಡನ್ನು ಒಮ್ಮೆ ನೆಲಕ್ಕೆ ಪುಟಿಸಿ ಹಿಡಿದಳು. "ಗೊತ್ತಿಲ್ಲ ಮಿಸ್. ಅದನ್ನೇ ನೋಡ್ಬೇಕು ನನಗೆ."

ಟ್ರೈಔಟಿನ ಕೊನೆಯ ದಿನ ಐದೈದು ಮಂದಿಯ ಎರಡು ತಂಡ ಮಾಡಿ ಆಡಿಸಿದರು. ಜೋಯ್ಲಿನ್‌ಳ ಎಡಗೈ ಶಾಟುಗಳು ಎಂದಿನಂತೆ ಹೊರಗೆ ಬೀಳುತ್ತಿದ್ದವು. ಆಗ ನನ್ನ ಗಮನಕ್ಕೆ ಬೇರೊಂದು ವಿಷಯ ಬಂತು. ಎದುರಾಳಿಯ ಕೈಯಲ್ಲಿ ಚೆಂಡಿದ್ದಾಗ ಅವಳು ಬೇರೆಯೇ ಆಟಗಾರ್ತಿ. ಬಗ್ಗಿ, ಎರಡೂ ಕಾಲು ಅಗಲಿಸಿ, ಅಡ್ಡಡ್ಡ ಜಾರುತ್ತ ಎದುರಿನವಳಿಗೆ ಒಂದು ಹೆಜ್ಜೆಯ ಜಾಗವನ್ನೂ ಬಿಡುತ್ತಿರಲಿಲ್ಲ. ಎರಡು ಸಲ ಚೆಂಡು ಕಸಿದಳು, ಎರಡೂ ಸಲ ಬಲಗೈಯಿಂದ. ಇದು ಲಾಯ್ಡ್‌ನದಲ್ಲ. ಎದುರಾಳಿಯನ್ನು ತಡೆಯುವ ಡಿಫೆನ್ಸ್‌ನಲ್ಲಿ ಅವನು ಸೋಮಾರಿ. ಮತ್ತೆ, ಅಪ್ಪನ ಫೋನು ಮಗನ ಕೈಯಲ್ಲಿ ಚೆಂಡಿದ್ದಾಗ ಮಾತ್ರ ವಿಡಿಯೋ ತೆಗೆದಿತ್ತು. ಚೆಂಡಿಲ್ಲದ ಲಾಯ್ಡ್ ಹೇಗಿದ್ದ ಎಂದು ನೋಡಿ ಕಲಿಯಲು ಅವಳಿಗೆ ಏನೂ ಸಿಕ್ಕಿರಲಿಲ್ಲ. ಅಷ್ಟು ಜಾಗದಲ್ಲಿ ಅವಳು ತಾನಾಗಿ ಬೆಳೆದಿದ್ದಳು.

ರಾನಿಯಾ ಅವರಿಗೆ, "ಅವಳ ಹತ್ತಿರ ಚೆಂಡು ಇಲ್ಲದಾಗ ನೋಡಿ," ಎಂದೆ. ಅವರು ನೋಡಿದರು. ಆಟ ಮುಗಿದ ಮೇಲೆ ಅವಳನ್ನು ಕರೆದು, "ಡಿಫೆನ್ಸ್‌ಗಾಗಿ ತೆಗೆದುಕೊಳ್ಳುತ್ತೇನೆ. ಆ ಶಾಟ್ ಮಾತ್ರ ನನಗೆ ಬೇಡ. ಇವರ ಹತ್ತಿರ ಹೊಸದು ಕಲಿ. ಯಲ್ಲಾ, ನಡಿ, ನೀರು ಕುಡಿ," ಎಂದರು. ಜೋಯ್ಲಿನ್ ನಗಲಿಲ್ಲ. ನನ್ನನ್ನು ನೋಡಿದಳು.

ಅವಳ ಬಲಗೈ ಏನೂ ಅರಿಯದ ಕೈ. ಮೊದಲ ವಾರಗಳಲ್ಲಿ ಚೆಂಡು ರಿಂಗಿನವರೆಗೂ ಹೋಗುತ್ತಿರಲಿಲ್ಲ. ಎರಡು ಕಾಲಿನ ಮೇಲೆ ಇಳಿಯುವುದನ್ನು, ನಡೆಯಲು ಕಲಿಯುವ ಮಗುವಿಗೆ ಹೇಳಿಕೊಟ್ಟಂತೆ ಹೇಳಿಕೊಡಬೇಕಾಯಿತು. ಹಿಮ್ಮಡಿಯ ಊತ ಇಳಿಯಿತು. ಕೆಲವು ದಿನ ಎಸೆಯುತ್ತಿದ್ದಂತೆಯೇ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಇಬ್ಬರೂ ಅದನ್ನು ಕಾಣದವರಂತೆ ಮುಂದುವರಿಯುತ್ತಿದ್ದೆವು. ಮನೆಯ ಹಿತ್ತಿಲಲ್ಲಿ ಅವಳು ಆಗಲೂ ಎಡಗೈಯಲ್ಲೇ ಆಡುತ್ತಿದ್ದಳು. ಅದನ್ನು ನಿಲ್ಲಿಸು ಎಂದು ನಾನು ಹೇಳಲಿಲ್ಲ.

ನಮ್ಮ ಜಿಮ್ಮಿನಲ್ಲಿ ನಡೆದ ಮೊದಲ ಪಂದ್ಯಕ್ಕೆ ಲಿಲ್ಲಿ ಬಾಯಿ ಬಂದರು. ಗಂಡನ ಪಕ್ಕ, ಬಾಗಿಲಿಗೆ ಹತ್ತಿರದ ಬೆಂಚಿನಲ್ಲಿ ಕೂತರು. ನಾವು ಸಾಕಷ್ಟು ಮುಂದಿದ್ದುದರಿಂದ ಕೊನೆಯಲ್ಲಿ ರಾನಿಯಾ ಜೋಯ್ಲಿನ್‌ಳನ್ನು ಕಣಕ್ಕಿಳಿಸಿದರು. ಎದುರಾಳಿ ಅವಳ ಕೈಗೆ ಹೊಡೆದದ್ದಕ್ಕೆ ಎರಡು ಫ್ರೀ ಥ್ರೋ ಸಿಕ್ಕಿದವು. ಫ್ರೀ ಥ್ರೋ ಎಂದರೆ ಗೆರೆಯ ಮೇಲೆ ಒಬ್ಬರೇ ನಿಂತು, ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಅವಕಾಶ. ಇಡೀ ಜಿಮ್ ಅವಳೊಬ್ಬಳನ್ನೇ ನೋಡುತ್ತಿತ್ತು. ಅವಳು ಅಮ್ಮ ಕೂತಿದ್ದ ಬೆಂಚಿನ ಕಡೆ ಒಮ್ಮೆ ನೋಡಿದಳು. ಚೆಂಡನ್ನು ಬಲಗೈಗೆ ತಂದುಕೊಂಡಳು. ಮೊದಲನೆಯದು ಬುಟ್ಟಿಗೆ ಬೀಳಲಿಲ್ಲ. ಎರಡನೆಯದು ಬಿತ್ತು.

ಚಪ್ಪಾಳೆಯ ನಡುವೆ ಲಿಲ್ಲಿ ಬಾಯಿ ಎದ್ದು ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ಕಾರಿಡಾರಿನಲ್ಲಿ ಗೋಡೆಗೆ ಕೈಯೂರಿ ನಿಂತಿದ್ದರು. ಅಳುತ್ತಿರಲಿಲ್ಲ.

"ಅಪಘಾತ ಆದದ್ದು ಆವತ್ತು ಟೀಚರ್," ಎಂದರು. "ಅವನು ಹೋದದ್ದು ಈಗ."

ಒಳಗೆ ಪಂದ್ಯ ಮುಗಿದ ಸೀಟಿ ಕೇಳುವವರೆಗೆ ಅವರ ಪಕ್ಕದಲ್ಲೇ ನಿಂತಿದ್ದೆ.

ಜೋಯ್ಲಿನ್ ಆಮೇಲೆ ತಂಡದಲ್ಲಿ ಉಳಿದಳು, ಒಳ್ಳೆಯ ಆಟಗಾರ್ತಿಯಾದಳು. ಲಿಲ್ಲಿ ಬಾಯಿ ಮತ್ತೆ ಯಾವ ಪಂದ್ಯಕ್ಕೂ ಬರಲಿಲ್ಲ. ಅವರು ಕ್ಲಿನಿಕ್ಕಿನ ಕೆಲಸಕ್ಕೆ ಮರಳಿದರು ಎಂದು ಮಗಳೇ ಹೇಳಿದಳು. ಅದು ಚೇತರಿಕೆಯೋ, ಆ ಕಿಟಕಿಯ ಪಕ್ಕ ಕೂರಲಾಗದೆ ಹೊರಟದ್ದೋ ನನಗೆ ಗೊತ್ತಿಲ್ಲ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಹೇಳುತ್ತಾರೆ, ನಿಲ್ಲುವುದಿಲ್ಲ. ನಾನು ಮಾಡಿದ್ದು ಸರಿಯೆಂದೇ ನಂಬಿದ್ದೇನೆ. ಆದರೂ ಅಂಗಳದಲ್ಲಿ ಯಾರಾದರೂ ಎಡಗೈಯಿಂದ ಚೆಂಡೆತ್ತಿದರೆ ಒಂದು ಕ್ಷಣ ನೆಲ ನೋಡುತ್ತೇನೆ.

ತಪ್ಪನ್ನು ತಿದ್ದುವುದು ಹೇಗೆಂದು ನಮ್ಮ ತರಬೇತಿಯಲ್ಲಿ ಚೆನ್ನಾಗಿ ಕಲಿಸುತ್ತಾರೆ. ಆ ತಪ್ಪನ್ನು ಆಸರೆಯಾಗಿ ಹಿಡಿದು ಬದುಕುತ್ತಿರುವವರು ಯಾರೆಂದು ಕೇಳಲು ಕಲಿಸುವುದಿಲ್ಲ. ಅದನ್ನು ಕಲಿಸಿದ್ದು ಈ ಕೆಲಸ. ಈಗ ಯಾರ ಕೈಯನ್ನು ಸರಿಪಡಿಸುವ ಮೊದಲೂ, "ಇದನ್ನು ಯಾರಿಂದ ಕಲಿತೆ?" ಎಂದು ಕೇಳುತ್ತೇನೆ. ಉತ್ತರ ಕೇಳಿದ ಮೇಲೆ ಕೆಲವೊಮ್ಮೆ ಆ ದಿನಕ್ಕೆ ತಿದ್ದದೆ ಬಿಡುತ್ತೇನೆ.