ಬಸಪ್ಪ ದಾಟದ ಬೆನ್ನು

ಎಡಗಾಲಿನ ಚಪ್ಪಲಿ ಕಳಚಿ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಚನ್ನಪಟ್ಟಣದ ಬಸ್ಸು ಹತ್ತಿ ನಾಲ್ಕು ಹೆಜ್ಜೆ ಒಳಗೆ ಬಂದಿದ್ದೆ. "ಮೇಡಂ, ಚಪ್ಲಿ ಕೆಳಗೇ ಬುಟ್ಬುಟ್ರಲ್ಲ, ಬಸ್ಸೇನ್ ದೇವಸ್ಥಾನ್ವಾ?" ಎಂದು ಕಂಡಕ್ಟರ್ ಕೂಗಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಸೀಟು ಸಿಕ್ಕ ಮೇಲೆ ಪೆನ್ನಿನ ತುದಿಯಿಂದ ಆ ಕಾಲಿನ ಹೆಬ್ಬೆರಳನ್ನು ಚುಚ್ಚಿ ನೋಡಿಕೊಂಡೆ. ಏನೂ ತಿಳಿಯಲಿಲ್ಲ.

ಇದು ಕಳೆದ ಆಷಾಢದ ಮಾತು. ನಮ್ಮ ಮನೆ ಅಕ್ಕೂರಿನ ಹತ್ತಿರ. ಅದಕ್ಕೆ ಹದಿನೈದು ದಿನ ಮುಂಚೆ, ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಬಿಡುವಿಲ್ಲದೆ ಮೇಯುತ್ತಿದ್ದಾಗ, ಸೊಪ್ಪಿನ ಹೊರೆಯನ್ನು ಒಬ್ಬಳೇ ಎತ್ತಲು ಹೋಗಿದ್ದೆ. ಸೊಂಟದಿಂದ ಹಿಮ್ಮಡಿಯವರೆಗೆ ನೋವು ಹರಿದಿತ್ತು. ನಾನು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ದಿನಕ್ಕೆ ನಾಲ್ಕು ಗಂಟೆ ನಿಂತಿರಬೇಕು. ಮೇಜಿಗೆ ಒರಗಿ ಪಾಠ ಮಾಡಿದೆ, ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. ಆದರೆ ಈ ಕಾಲು ಹೀಗೇ ಸತ್ತುಹೋದರೆ ಎಂಬ ಭಯ ಒಳಗೇ ಬೆಳೆಯುತ್ತಿತ್ತು.

ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಸಡಿಲಿಸುವ ಕೈರೋಪ್ರಾಕ್ಟರ್ ಒಬ್ಬರು ರಾಮನಗರದಲ್ಲಿದ್ದಾರೆಂದು ತಿಳಿಯಿತು. ಅಂಥ ಚಿಕಿತ್ಸೆಯ ವಿಡಿಯೋಗಳನ್ನು ಫೋನಿನಲ್ಲಿ ನೋಡಿದ್ದೆ: ಬೆನ್ನು ಲಟಕ್ ಎನ್ನುತ್ತದೆ, ಮಲಗಿದವರು ನಗುತ್ತಾ ಏಳುತ್ತಾರೆ. ನನಗೂ ಅದೇ ಬೇಕಿತ್ತು. ಬುಧವಾರಕ್ಕೆ ಸಮಯ ತೆಗೆದುಕೊಂಡೆ. ಅಷ್ಟರಲ್ಲಿ ನನ್ನ ನಡಿಗೆ ಅವ್ವನ ಕಣ್ಣಿಗೆ ಬಿತ್ತು.

"ಡಾಕ್ಟ್ರು ಎಲ್ಲೂ ಓಡೋಗಕಿಲ್ಲ ಕಣಮ್ಮಿ. ಮೊದ್ಲು ಬಸಪ್ಪನ ಪಾದ ಆಗ್ಲಿ."

ದೇವರ ಬಸವ ಬೆನ್ನಿನ ಮೇಲೆ ಗೊರಸು ತಾಗಿಸಿ ದಾಟಿದರೆ ನೋವು ಹೋಗುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಸೋಮವಾರ ಗುಡಿಯ ಮುಂದೆ ಹೆಂಗಸರ ಸಾಲಿನಲ್ಲಿ ನಾನೂ ಬೋರಲು ಮಲಗಿದೆ. ನಡುವಿನ ಮೇಲೇ ಪಾದ ಬೀಳಲೆಂದು ಅವ್ವ ಅಲ್ಲಿ ಅರಿಶಿನ ಹಚ್ಚಿದ್ದಳು. 'ಅಪ್ಪಾ, ಕಾಲು ಉಳಿಸು, ದಾರಿ ತೋರಿಸು' ಎಂದಷ್ಟೇ ಬೇಡಿಕೊಂಡೆ.

ಬಸಪ್ಪ ಐವರನ್ನು ದಾಟಿ ನನ್ನ ಬಳಿ ಬಂದು ನಿಂತ. ಮುಂಗಾಲು ಎತ್ತಿದ, ಇಳಿಸಿದ. ಪೂಜಾರಿ ಅವನ ಬೆನ್ನು ತಟ್ಟಿ, "ದಾಟಪ್ಪ ಸ್ವಾಮಿ, ಮಗ ಕಾಯ್ತಾ ಐತೆ" ಎಂದರು. ಮೂರು ಸಲ ಹಾಗೆಯೇ ಆಯಿತು. ಕೊನೆಗೆ ನನ್ನ ನಡುವಿಗೆ ಮೂತಿ ತಾಗಿಸಿ, ಬಿಸಿ ಉಸಿರು ಬಿಟ್ಟು, ಬಳಸಿಕೊಂಡು ಹೋದ.

"ಏನ್ ತಪ್ಪು ನಡ್ದೈತೋ" ಎಂದಳು ಸಾಲಿನಲ್ಲಿದ್ದ ಒಬ್ಬಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ದೇವರೂ ಕೈಬಿಟ್ಟನೆಂದು ನನಗೂ ಅನ್ನಿಸಿತು. ಆದರೂ ಬುಧವಾರ ಹೋಗಿಯೇ ತೀರುವೆನೆಂದು ನಿರ್ಧರಿಸಿದೆ.

ರಾಮನಗರದ ಆ ಡಾಕ್ಟರಮ್ಮ ಸೂಜಿಯಿಂದ ಪಾದ ಮುಟ್ಟಿದರು, ಹಿಮ್ಮಡಿಯ ಮೇಲೆ ನಡೆಸಿದರು. ಎಡ ಪಾದ ಎತ್ತಿ ಹಿಡಿಯಲು ಆಗದೆ ನೆಲಕ್ಕೆ ಪಟ್ಟೆಂದು ಬಡಿಯಿತು. ಅವರು ಕೈ ಒರೆಸಿಕೊಂಡು, "ಇವತ್ತು ನಿಮ್ಮ ಬೆನ್ನಿನ ಮೇಲೆ ನಾನು ಕೈ ಇಡಲ್ಲ. ನರ ಒತ್ತಿದ ಹಾಗಿದೆ. ಈಗ ಒತ್ತಡ ಹಾಕಿದರೆ ಕಾಲಿಗೇ ಅಪಾಯ. ಇವತ್ತೇ ಸ್ಕ್ಯಾನ್ ಮಾಡಿಸಿ" ಎಂದರು.

ಜೊತೆಗೆ ಬಂದಿದ್ದ ಅವ್ವ ದಡಬಡ ಎದ್ದಳು. "ಅಯ್ಯೋ, ನಮ್ ಬಸಪ್ಪಾನೂ ಇದ್ನೇ ಯೋಳಿದ್ದು ಕಣ್ರವ್ವ!"

"ಬಸಪ್ಪ ಯಾರು? ಯಾವ ಆಸ್ಪತ್ರೆಯವರು?"

ತಿಂಗಳಲ್ಲಿ ಮೊದಲ ಸಲ ಮನಸಾರೆ ನಕ್ಕೆ. ನಗುತ್ತಿದ್ದಂತೆಯೇ ಕಣ್ಣೀರು ಬಂತು. ಮೂತಿ ತಾಗಿದ ಜಾಗ ಬೆಚ್ಚಗಾದಂತೆನಿಸಿತು.

ಸ್ಕ್ಯಾನಿನಲ್ಲಿ ಡಿಸ್ಕ್ ಜಾರಿ ನರವನ್ನು ಒತ್ತಿದ್ದು ಕಂಡಿತು. ನರರೋಗ ತಜ್ಞರು ಮಾತ್ರೆ, ವಿಶ್ರಾಂತಿ ಹೇಳಿ, "ಕಾಲಿನ ಬಲ ಇನ್ನೂ ಕುಗ್ಗಿದರೆ ಆಪರೇಷನ್" ಎಂದರು. ಕುಗ್ಗಲಿಲ್ಲ. ಆರು ವಾರದ ನಂತರ ಅವರ ಒಪ್ಪಿಗೆ ಪಡೆದೇ ಮತ್ತೆ ರಾಮನಗರಕ್ಕೆ ಹೋದೆ. ಲಟಕ್ ಶಬ್ದ ಒಂದು ದಿನವೂ ಕೇಳಲಿಲ್ಲ. ಡಾಕ್ಟರಮ್ಮನ ಕೈಗಳು ನಿಧಾನವಾಗಿ ಬಿಗಿತ ಸಡಿಲಿಸಿದವು. ಹೊರೆ ಎತ್ತುವುದು, ಮಲಗುವುದು, ನಿಲ್ಲುವುದು ಎಲ್ಲವನ್ನೂ ಹೊಸದಾಗಿ ಕಲಿತೆ. ವ್ಯಾಯಾಮವನ್ನು ಒಂದು ದಿನವೂ ತಪ್ಪಿಸಲಿಲ್ಲ. ಪಾದ ಮೇಲೆದ್ದಿತು, ನಿದ್ದೆ ಬಂತು, ವರ್ಷಗಳ ತಲೆನೋವೂ ಇಳಿಯಿತು. ಯಾವುದರಿಂದ ಎಷ್ಟು ಗುಣವಾಯಿತೆಂದು ಲೆಕ್ಕ ಬಿಡಿಸಿ ಹೇಳಲಾರೆ. ಅವ್ವನ ಸಕ್ಕರೆ ಕಾಯಿಲೆಗೂ ಇದು ಆಗುತ್ತದೆಯೇ ಎಂದು ಕೇಳಿದಾಗ ಡಾಕ್ಟರಮ್ಮ, "ಇಲ್ಲ, ಮಾತ್ರೆ ಬಿಡಬೇಡಿ" ಎಂದರು. ಅವರ ಮೇಲಿನ ವಿಶ್ವಾಸ ಅಂದು ಇನ್ನೂ ಹೆಚ್ಚಿತು.

ನನ್ನಂತೆ ಪಾದ ಬೇಡಿ ಮಲಗುವವರಿಗೆ ಒಂದೇ ಮಾತು: ಕಾಲು ಜೋಮು ಹಿಡಿದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಬಸಪ್ಪ ದಾಟದೆ ಹೋದರೆ ಅದನ್ನು ಶಾಪವೆಂದು ಅಳಬೇಡಿ. ನಾನು ಕಾದು ಮಲಗಿದ್ದು ಪಾದಕ್ಕೆ. ಅವನು ಕೊಟ್ಟದ್ದು ಕಾಲು.

ಮೊನ್ನೆ ಮಧ್ಯಾಹ್ನ ಗುಡಿಗೆ ಹೋಗಿದ್ದೆವು. ನಾನು ಮಲಗಲಿಲ್ಲ; ನಿಂತೇ ಬಸಪ್ಪನಿಗೆ ಬಾಳೆಹಣ್ಣು ತಿನ್ನಿಸಿದೆ. ಅಂಗಳದ ಕಲ್ಲು ಕಾದಿತ್ತು.

"ನೆಳ್ಳಿಗೆ ಬಾ ಕಣಮ್ಮಿ, ಕಾಲು ಸುಟ್ಟಾತು" ಎಂದಳು ಅವ್ವ.

"ಇರವ್ವ," ಎಂದೆ, "ಎಡಗಾಲೂ ಸುಡ್ತಾ ಐತೆ."