ಗಾಳಿಯಲ್ಲೇ ಒಡೆದ ಗುಂಡು

ಮದುವೆಯಾಗಿ ಎಕ್ಕಂಬಿಯ ಹತ್ತಿರದ ಊರಿಗೆ ಬಂದಾಗ ನಾನು ಬಂದೂಕನ್ನು ಮುಟ್ಟಿಯೂ ನೋಡಿದವಳಲ್ಲ. ಸಾವಿರದ ಒಂಬೈನೂರ ಅರವತ್ತರ ಆಚೀಚೆ, ಅಲ್ಲಿಯವರೆಗೆ ಹಂದಿ ಹೊಡೆಯುತ್ತಿದ್ದ ಮಾವನವರ ಕಣ್ಣಿಗೆ ಪೊರೆ ಬಂತು. ಗಾಡಿಯಿಂದ ಬಿದ್ದ ಮೇಲೆ ನನ್ನ ಗಂಡನ ಬಲಭುಜ ಬಂದೂಕಿನ ಒದೆತ ತಡೆಯದಾಯಿತು. ಕಾಡುಹಂದಿಗಳು ಮಾತ್ರ ನಮ್ಮ ಭತ್ತದ ಗದ್ದೆಗೆ ಬರುವುದನ್ನು ಬಿಡಲಿಲ್ಲ. ಮಾವನವರೇ ಓಡಾಡಿ ಲೈಸೆನ್ಸಿನಲ್ಲಿ ನನ್ನ ಹೆಸರು ಸೇರಿಸಿದರು, ಗುರಿ ಹಿಡಿಯಲು ಕಲಿಸಿದರು.

ಅದು ತನ್ನ ದೇಶಕ್ಕೆ ಹೊರಟ ಬಿಳಿಯ ಅಧಿಕಾರಿಯೊಬ್ಬರಿಂದ ಮಾವನವರು ಕೊಂಡ ರೈಫಲ್. ಗುಂಡು ಸಣ್ಣದು, ವೇಗ ವಿಪರೀತ. ಒಂದು ಮುಂಜಾನೆ ಗದ್ದೆಯ ಆಚೆ ಬದಿಯಲ್ಲಿ ನಿಂತಿದ್ದ ಹಂದಿಗೆ ಹೊಡೆದೆ. ಸದ್ದಿಗೆ ಬೆಚ್ಚಿ ಓಡಿತೇ ವಿನಾ ಅದಕ್ಕೆ ಏನೂ ತಾಗಲಿಲ್ಲ. ಮರುದಿನವೂ ಹಾಗೇ ಆಯಿತು. ಪಕ್ಕದ ಗದ್ದೆಯವರು ನಕ್ಕರು.

"ಹೆಣ್ಮಕ್ಕಳ ಕೈಯಾಗ ಬಂದೂಕ ಕೊಟ್ರ ಹಂದಿಗೇನ್ರೀ ಅಂಜಿಕೆ?"

ಮಾವನವರು ಮೆಲ್ಲಗೆ ಕೇಳಿದರು, "ಕೈ ನಡುಗಿತೇನವಾ?"

"ಇಲ್ರಿ ಮಾವಾರ. ಗುರಿ ಸರಿ ಇತ್ತು. ಗುಂಡು ಎಲ್ಲಿ ಹೋಗತೈತಿ ಅಂತ ನಾ ನೋಡಾಕ ಬೇಕು."

ಹಳೆಯ ಧೋತರ ಹರಿದು ಎರಡು ತುಂಡು ಮಾಡಿದೆ. ಕೆರೆ ಏರಿಯ ಹೊರಮೈಗೆ ಒಂದನ್ನು ಕಟ್ಟಿ, ಇನ್ನೊಂದನ್ನು ಅದೇ ನೇರಕ್ಕೆ ನನ್ನ ಹತ್ತಿರ ಕಟ್ಟಿದೆ. ನನ್ನ ಕೈಯ ಮೇಲೆ ತಪ್ಪು ಹೊರಿಸಲು ಎಡೆಯಿರಬಾರದೆಂದು ರೈಫಲನ್ನು ಮರಳಿನ ಚೀಲಗಳ ಮೇಲೆ ಊರಿ ಹೊಡೆದೆ. ಗಾಳಿಯಲ್ಲಿ ಬೂದು ಬಣ್ಣದ ಎಳೆಯೊಂದು ಮೂಡಿ ಮಾಯವಾಯಿತು. ಹತ್ತಿರದ ಬಟ್ಟೆಯಲ್ಲಿ ದುಂಡನೆಯ ಒಂದೇ ತೂತು. ದೂರದ ಬಟ್ಟೆಯ ತುಂಬ ಚಿಲ್ಲರೆ ತೂತುಗಳು, ಸೀಸದ ಕಲೆ. ಬಟ್ಟೆಗೆ ತಾಗಿಯೇ ಒಡೆಯಿತೇನೋ ಎಂದು ಹತ್ತಿರದ್ದನ್ನು ಬಿಚ್ಚಿಸಿ ಮತ್ತೆ ಹೊಡೆದೆ. ಆಗಲೂ ದೂರದ ಬಟ್ಟೆ ಜಾಲರಿಯಾಯಿತು. ಆಮೇಲಿನ ಗುಂಡೊಂದು ಇಡಿಯಾಗಿ ತಲುಪಿತು, ಅದರ ಮುಂದಿನದು ಮತ್ತೆ ಚೂರು.

"ದಾರಿಯೊಳಗಽ ಒಡೀತದ," ಎಂದರು ನನ್ನ ಗಂಡ, ಬಟ್ಟೆಯನ್ನು ಕೈಯಲ್ಲಿ ಹಿಡಿದು.

ಮನೆಗೆ ಬಂದು ಎಣ್ಣೆಬಟ್ಟೆಯನ್ನು ನಳಿಗೆಯೊಳಗೆ ಎಳೆದರೆ ಅದು ಅಲ್ಲಲ್ಲಿ ಸಿಕ್ಕಿಕೊಂಡಿತು, ಹೊರಗೆ ಬಂದಾಗ ಕೆಂಪಾಗಿತ್ತು. ಮಳೆಗಾಲವಿಡೀ ರೈಫಲನ್ನು ಚರ್ಮದ ಚೀಲದಲ್ಲೇ ಇಟ್ಟಿದ್ದೆವು. ತೇವಕ್ಕೆ ನಳಿಗೆಯ ಒಳಗೆ ತುಕ್ಕು ತಿಂದು ಕುಳಿ ಬಿದ್ದಿದ್ದವು. ಮಾವನವರು ಒಂದು ತೋಟಾದ ಗುಂಡನ್ನು ಇಕ್ಕಳದಿಂದ ಕೀಳಿಸಿ ಅರದಿಂದ ಉಜ್ಜಿಸಿದರು. ನಾಲ್ಕು ಸಲ ಎಳೆಯುವಷ್ಟರಲ್ಲಿ ತಾಮ್ರದ ಹೊದಿಕೆ ಹೋಗಿ ಮೆತ್ತನೆಯ ಸೀಸ ಕಾಣಿಸಿತು.

"ನಳಿಗಿ ಗುಂಡನ್ನ ಗಿರಗಿರ ತಿರುಗಿಸಿ ಬಿಡತೈತಿ," ಎಂದರು. "ಇಷ್ಟು ತೆಳ್ಳಗಿನ ಹೊದಿಕಿ ಕುಳಿಗೆ ತಾಗಿ ಗೀರಿದ್ರ, ಆ ತಿರುಗೋದಕ್ಕ ತಡೀತದೇನು? ಬಸ್ಸಿನ ಗಾಲಿ ಕೆಸರು ಸಿಡಿಸಿದಂಗ ಎಲ್ಲಾ ಸಿಡೀತದ."

ನಳಿಗೆಯನ್ನು ದಿನಾಲೂ ಉಜ್ಜಿದೆ. ತುಕ್ಕು ಹೋಯಿತು, ಕುಳಿಗಳು ಹೋಗಲಿಲ್ಲ. ಹಳೆಯ ತೋಟಾಗಳಲ್ಲಿ ಕೆಲವು ಈಗಲೂ ಒಡೆಯುತ್ತಿದ್ದವು.

"ಬಿಟ್ಟುಬಿಡು, ತಮಟಿ ಬಡದು ಓಡಿಸೋಣು," ಎಂದರು ಗಂಡ.

"ಹೊದಿಕಿ ದಪ್ಪ ಇರೋ ಗುಂಡು ತರ್ರಿ. ಅದೂ ಒಡೆದ್ರ ಬಿಡತೇನಿ."

ಅವರು ಹುಬ್ಬಳ್ಳಿಗೆ ಹೋಗಿ ಅಂಗಡಿ ಅಂಗಡಿ ಕೇಳಿ, ಅದೇ ಅಳತೆಯ, ಹೊದಿಕೆ ದಪ್ಪಗಿರುವ, ಭಾರ ಹೆಚ್ಚಿರುವ, ವೇಗ ಕಡಿಮೆಯ ತೋಟಾಗಳನ್ನು ತಂದರು. ಕೆರೆ ಏರಿಗೆ ಹೊಸ ಬಟ್ಟೆ ಕಟ್ಟಿದೆ. ಹೊಡೆದ ಗುಂಡುಗಳೆಲ್ಲ ಇಡಿಯಾಗಿ ತಲುಪಿದವು. ತೂತುಗಳೆಲ್ಲ ಅಂಗೈಯಷ್ಟು ಜಾಗದೊಳಗೇ ಇದ್ದವು.

ಭತ್ತ ಹಾಲುಗಟ್ಟುವ ಹೊತ್ತಿಗೆ ಒಂದು ಬೆಳಗ್ಗೆ ದೊಡ್ಡ ಗಂಡುಹಂದಿ ಬಂತು. ಉಸಿರು ಹಿಡಿದು ಬಂದೂಕಿನ ಕುದುರೆ ಒತ್ತಿದೆ. ಅದು ಬದುವಿನ ಮೇಲೇ ಬಿತ್ತು. ಮಾವನವರು ಮಗನ ಕೈ ಹಿಡಿದು ಗದ್ದೆಯವರೆಗೂ ನಡೆದು ಬಂದರು, ಬಗ್ಗಿ ಹಂದಿಯ ಪಕ್ಕೆಯನ್ನು ತಡವಿ, ಗುಂಡು ಹೊಕ್ಕ ಜಾಗಕ್ಕೆ ಬೆರಳಿಟ್ಟರು.

"ನಾನೂ ಇಲ್ಲೇ ಹೊಡೀತಿದ್ದೆ," ಎಂದರು. ಅವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.